ಮಾತ್ರೆ ಫ್ರೀ, ಕಾಯಿಲೆ ಫ್ರೀ ಅಲ್ಲ

ಕಳೆದ ವರ್ಷ ಗೌರಿ ಹಬ್ಬದ ಬಾಗಿನ ಕೊಡೋಕೆ ಲಗ್ಗೆರೆಯ ಅಕ್ಕನ ಮನೆಗೆ ಹೋದಾಗ ಭಾವ ಕೆಮ್ಮುತ್ತಿದ್ದರು. "ಏನ್ ಭಾವ, ಕೆಮ್ಮು ಜೋರಾಗಿದೆ?" ಅಂದೆ. "ಪೀಣ್ಯದ ಧೂಳು ಕಣಪ್ಪ, ಮೇಲೆ ಈ ಮಳೆ. ಹೋಗುತ್ತೆ ಬಿಡು" ಅಂದರು. ನಾನೂ ಬಿಟ್ಟೆ. ಹೋಳಿಗೆ ತಿಂದು, ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಿಡ್ಕೊಂಡು ಬೆಳ್ಳಂದೂರಿನ ನನ್ನ ರೂಮಿಗೆ ವಾಪಸ್ ಬಂದೆ.

ಆ ಕೆಮ್ಮು ಟಿಬಿ ಅಂತ ಗೊತ್ತಾಗೋಕೆ ಅಲ್ಲಿಂದ ಒಂಬತ್ತು ವಾರ ಹಿಡಿಯಿತು. ವಾಸಿಯಾಗೋಕೆ ಮತ್ತೆ ಆರು ತಿಂಗಳು. ಭಾವ ಈಗ ಆರಾಮಾಗಿದ್ದಾರೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಾನು ಬರೆಯೋಕೆ ಹೊರಟಿರೋದು ಕಾಯಿಲೆ ಬಗ್ಗೆ ಅಲ್ಲ, ಅದರ ಲೆಕ್ಕದ ಬಗ್ಗೆ. "ಟಿಬಿಗೆ ಏನಪ್ಪ ಖರ್ಚು, ಗವರ್ನಮೆಂಟ್‌ನವರೇ ಎಲ್ಲ ಫ್ರೀ ಕೊಡ್ತಾರಲ್ಲ" ಅಂತ ನನ್ನ ಟೀಮಿನಲ್ಲೇ ಮೂರು ಜನ ಅಂದಿದ್ದಾರೆ. ಹೋದ ವರ್ಷದವರೆಗೆ ನಾನೂ ಹಾಗೇ ಅನ್ನುತ್ತಿದ್ದೆ.

ಒಂಬತ್ತು ವಾರ

ಭಾವ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ಸಂಬಳ 17,000. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ತಿಂಗಳಿಗೆ ಆರು ಸಾವಿರದಷ್ಟು ಸಂಪಾದಿಸುತ್ತಾಳೆ. ಮಗಳು ಒಂಬತ್ತನೇ ಕ್ಲಾಸು. ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆ, ಒಂದು ಚೀಟಿ, ಮಗಳ ಟ್ಯೂಷನ್. ಸಾಲ ಇಲ್ಲದೆ ತೂಗಿಸಿಕೊಂಡು ಹೋಗುತ್ತಿದ್ದ ಸಂಸಾರ.

ಕೆಮ್ಮಿಗೆ ಮೊದಲು ರಸ್ತೆ ತಿರುವಿನ ಕ್ಲಿನಿಕ್‌ಗೆ ಹೋದರು. ಸಿರಪ್ಪು, ಐದು ದಿನದ ಮಾತ್ರೆ. ಸ್ವಲ್ಪ ಕಮ್ಮಿಯಾಯ್ತು, ಮತ್ತೆ ಬಂತು. ಮತ್ತೆ ಅದೇ ಕ್ಲಿನಿಕ್ಕು, ಬೇರೆ ಸಿರಪ್ಪು. ಸಾಯಂಕಾಲ ಆದರೆ ಮೈ ಬೆಚ್ಚಗಾಗೋದು, ರಾತ್ರಿ ಬನಿಯನ್ ನೆನೆಯುವಷ್ಟು ಬೆವರು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡರು. ಎರಡನೇ ಕ್ಲಿನಿಕ್ಕಿನವರು ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿ "ಎದೆಯಲ್ಲಿ ಇನ್‌ಫೆಕ್ಷನ್ ಇದೆ" ಅಂದರು. ಅಷ್ಟು ಹೊತ್ತಿಗೆ ಅಕ್ಕ ನನಗೆ ಫೋನ್ ಮಾಡಿದಳು.

ಇಲ್ಲಿಂದ ಮುಂದಿನ ತಪ್ಪು ನನ್ನದು. ನಾನು ಇಂಜಿನಿಯರ್, ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಇದ್ದೀನಿ, "ಒಳ್ಳೇ ಆಸ್ಪತ್ರೆ" ಅಂದರೆ ಗೊತ್ತು ಅನ್ನೋ ಜಂಬ. "ಈ ಗಲ್ಲಿ ಡಾಕ್ಟರ್ ಸಹವಾಸ ಬೇಡ" ಅಂತ ಕ್ಯಾಬ್ ಬುಕ್ ಮಾಡಿ ಒಂದು ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಸಿಟಿ ಸ್ಕ್ಯಾನ್ ಆಯ್ತು. ನ್ಯುಮೋನಿಯಾ ಅಂತ ಮೂರು ದಿನ ಅಡ್ಮಿಟ್ ಮಾಡಿಕೊಂಡು ಡ್ರಿಪ್ಪು, ಇಂಜೆಕ್ಷನ್ ಕೊಟ್ಟರು. ಬಿಲ್ಲು 24,400. ನನ್ನ ಕಾರ್ಡಿನಲ್ಲಿ ಕಟ್ಟಿದೆ. ಆಫೀಸಿನ ಇನ್ಶೂರೆನ್ಸ್‌ನಲ್ಲಿ ನನ್ನ ಅಪ್ಪ ಅಮ್ಮ ಇದ್ದಾರೆ, ಅಕ್ಕ ಭಾವ ಬರೋದಿಲ್ಲ.

ಜ್ವರ ಇಳಿಯಿತು. ಎಲ್ಲರಿಗೂ ಸಮಾಧಾನ. ಹತ್ತೇ ದಿನ, ಮತ್ತೆ ಅದೇ ಕೆಮ್ಮು. ಆಮೇಲೆ ತಿಳಿದುಕೊಂಡಿದ್ದು: ಕೆಲವು ಆಂಟಿಬಯೋಟಿಕ್‌ಗಳು ಟಿಬಿ ರೋಗಾಣುವನ್ನೂ ಸ್ವಲ್ಪ ದಿನ ಅದುಮಿಡುತ್ತವೆ. ರೋಗಿಗೆ ವಾಸಿಯಾದಂತೆ ಅನ್ನಿಸುತ್ತೆ, ನಿಜವಾದ ಕಾಯಿಲೆ ಪತ್ತೆಯಾಗೋದು ಇನ್ನಷ್ಟು ತಡವಾಗುತ್ತೆ.

ಕಫದ ಡಬ್ಬಿ

ಕೊನೆಗೆ ಕಾಯಿಲೆ ಹಿಡಿದವರು ಆಶಾ ಕಾರ್ಯಕರ್ತೆ. ದೀಪಾವಳಿ ಮುಗಿದ ವಾರ ಮನೆ ಮನೆ ಸರ್ವೆಗೆ ಬಂದಿದ್ದರಂತೆ. "ಮನೇಲಿ ಯಾರಿಗಾದ್ರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದೆಯೇನಮ್ಮ?" ಅಂತ ಕೇಳಿದ್ದಾರೆ. ಅಕ್ಕ ಒಳಗೆ ಮಲಗಿದ್ದ ಭಾವನ ಕಡೆ ಕೈ ತೋರಿಸಿದಳು. ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರೋ ಕಫ ಹಿಡಿದುಕೊಡಿ ಅಂದರು. ಎರಡು ದಿನಕ್ಕೆ ರಿಪೋರ್ಟ್ ಬಂತು. ಶ್ವಾಸಕೋಶದ ಕ್ಷಯ. ಔಷಧಿಗೆ ಬಗ್ಗದ ಜಾತಿಯದಲ್ಲ ಅನ್ನೋದೂ ಅದೇ ಪರೀಕ್ಷೆಯಲ್ಲಿ ಗೊತ್ತಾಯ್ತು. ಖರ್ಚು ಸೊನ್ನೆ.

ಆ ಪರೀಕ್ಷೆಯ ಹೆಸರು ಟ್ರೂನ್ಯಾಟ್. ಕಫದಲ್ಲಿ ರೋಗಾಣುವಿನ ಡಿಎನ್‌ಎ ಇದೆಯಾ ಅಂತ ಹುಡುಕೋ ಸಣ್ಣ ಯಂತ್ರ, ಬ್ಯಾಟರಿಯಲ್ಲೂ ಓಡುತ್ತೆ. ಅದನ್ನು ರೂಪಿಸಿದವರಲ್ಲಿ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರೂ ಇದ್ದಾರೆ. ನಮ್ಮೂರಲ್ಲೇ ಹುಟ್ಟಿದ ಪರೀಕ್ಷೆ, ಸರ್ಕಾರಿ ಕೇಂದ್ರದಲ್ಲಿ ಬಿಟ್ಟಿ ಸಿಗೋದು. ನಾನು ಅದನ್ನು ದಾಟಿಕೊಂಡು 24,400ರ ಆಸ್ಪತ್ರೆಗೆ ಹೋಗಿದ್ದೆ.

ಮರುದಿನದಿಂದ ಮಾತ್ರೆ ಶುರು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಸೇರಿದ್ದು. ದಿನಕ್ಕೆ ಎಷ್ಟು ಮಾತ್ರೆ ಅನ್ನೋದು ಮೈ ತೂಕದ ಮೇಲೆ. 58 ಕೆಜಿ ಇದ್ದ ಭಾವ 47ಕ್ಕೆ ಇಳಿದಿದ್ದರು, ಅವರಿಗೆ ಮೂರು. ಮೊದಲ ದಿನ ಮೂತ್ರ ಕೆಂಪಗೆ ಹೋಯ್ತು ಅಂತ ಹೆದರಿ ನನಗೆ ಫೋನ್ ಮಾಡಿದರು. ರಿಫಾಂಪಿಸಿನ್ ಅನ್ನೋ ಔಷಧಿ ತಗೊಂಡರೆ ಹಾಗಾಗೋದು ಮಾಮೂಲಿ. ಮನೆಯವರಿಗೆಲ್ಲ ಪರೀಕ್ಷೆ ಮಾಡಿದರು. ಅಕ್ಕ, ಮಗಳು ಇಬ್ಬರಿಗೂ ಕಾಯಿಲೆ ಇರಲಿಲ್ಲ.

"ಎಲ್ಲ ಫ್ರೀನೇ, ಇನ್ನೇನು ಯೋಚನೆ ಇಲ್ಲ" ಅಂತ ನಾನು ಅಮ್ಮನಿಗೆ ಹೇಳಿದೆ.

ಸರ

ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಕತ್ತು ಖಾಲಿ. ಅರಿಶಿನದ ದಾರದಲ್ಲಿ ತಾಳಿ ಮಾತ್ರ. ಮದುವೆಯಲ್ಲಿ ಅಪ್ಪ ಹಾಕಿದ್ದ ಎರಡೆಳೆ ಸರ ಇಲ್ಲ.

"ಸರ ಎಲ್ಲೇ?"

"ಕೊಂಡಿ ಸಡಿಲ ಆಗಿತ್ತು, ರಿಪೇರಿಗೆ ಕೊಟ್ಟಿದೀನಿ."

ಅಕ್ಕನಿಗೆ ಸುಳ್ಳು ಹೇಳೋಕೆ ಬರೋದಿಲ್ಲ. ಅವಳು ಕಾಫಿ ಮಾಡೋಕೆ ಎದ್ದಾಗ ಮಗಳು ಮೆಲ್ಲಗೆ ಹೇಳಿದಳು, "ಗಿರವಿ ಅಂಗಡೀಲಿ ಇದೆ ಮಾವ. ಐವತ್ತು ಸಾವಿರ."

ನನಗೆ ಆಗ ನೆನಪಾಯ್ತು. ನವೆಂಬರ್ ಮೊದಲ ವಾರ ಅಕ್ಕ ನನಗೆ ಫೋನ್‌ಪೇ ಮಾಡಿದ್ದಳು. 24,400. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿ ಇಲ್ಲ. "ಆಸ್ಪತ್ರೆದು ಕಣೋ, ನಿನಗೂ ಇಎಂಐ ಇರುತ್ತೆ" ಅಂದಿದ್ದಳು. ಭಾವನ ಹತ್ತಿರ ಉಳಿತಾಯ ಇರಬೇಕು ಅಂದುಕೊಂಡು ನಾನು ಸುಮ್ಮನೆ ಇಟ್ಟುಕೊಂಡಿದ್ದೆ. ಆ ತಿಂಗಳ ಬೈಕ್ ಕಂತು ಅದರಲ್ಲೇ ಹೋಗಿತ್ತು. ಅಂದರೆ ನಾನು ಕರ್ಕೊಂಡು ಹೋದ ತಪ್ಪು ಆಸ್ಪತ್ರೆಯ ಬಿಲ್ಲು ತೀರಿಸೋಕೆ ಅಕ್ಕ ಅಪ್ಪ ಕೊಟ್ಟ ಸರ ಅಡ ಇಟ್ಟಿದ್ದಳು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ.

"ಯಾಕೆ ಕೇಳಲಿಲ್ಲ ನನ್ನ?" ಅಂದೆ.

"ಕೇಳಿದ್ರೆ ಕೊಡ್ತಿದ್ದೆ, ಗೊತ್ತು ಕಣೋ. ಆದ್ರೆ ನಿಮ್ ಭಾವಂಗೆ ತವರು ಮನೆ ದುಡ್ಡಲ್ಲಿ ಗುಣ ಆದೆ ಅನ್ನಿಸಬಾರ್ದು. ಮೊದಲೇ ಅವರು ಕುಗ್ಗೋಗಿದಾರೆ."

ಆವತ್ತು ರಾತ್ರಿ ಅಕ್ಕ ಕ್ಯಾಲೆಂಡರಿನ ಹಿಂದೆ, ಮಗಳ ರಫ್ ನೋಟಿನಲ್ಲಿ ಬರೆದಿಟ್ಟಿದ್ದ ಚೀಟಿಗಳನ್ನೆಲ್ಲ ಫೋಟೋ ತೆಗೆದುಕೊಂಡು ಬಂದು ಎಕ್ಸೆಲ್ ಶೀಟ್ ತೆರೆದೆ. ಆಫೀಸಿನಲ್ಲಿ ದಿನಾ ಬೇರೆಯವರ ಡೇಟಾ ನೋಡ್ತೀನಿ. ನಮ್ಮ ಮನೆಯದನ್ನು ನೋಡಿರಲಿಲ್ಲ.

ಲೆಕ್ಕ

ಚಿಕಿತ್ಸೆ ಮುಗಿಯೋವರೆಗೆ ಆ ಶೀಟ್ ತುಂಬುತ್ತಾ ಹೋದೆ. ಕೊನೆಯ ಲೆಕ್ಕ ಇಲ್ಲಿದೆ.

ಕಾಯಿಲೆ ಪತ್ತೆಯಾಗೋ ಮುಂಚೆ:
- ಕ್ಲಿನಿಕ್ ಫೀಸು: 1,200
- ಸಿರಪ್ಪು, ಮಾತ್ರೆ, ಟಾನಿಕ್: 3,150
- ಎಕ್ಸ್‌ರೇ, ರಕ್ತ ಪರೀಕ್ಷೆ: 2,600
- ಸಿಟಿ ಸ್ಕ್ಯಾನ್: 5,500
- ಆಸ್ಪತ್ರೆ, ಮೂರು ದಿನ: 24,400
- ಆಟೋ, ಕ್ಯಾಬ್: 1,900
- ಹತ್ತು ದಿನದ ಸಂಬಳ ಕಟ್: 6,500

ಪತ್ತೆಯಾದ ಮೇಲೆ:
- ಟಿಬಿ ಮಾತ್ರೆ, ಕಫ ಪರೀಕ್ಷೆ: 0
- ವಾಂತಿ ಜಾಸ್ತಿಯಾದಾಗ ಹೊರಗೆ ಮಾಡಿಸಿದ ಲಿವರ್ ಟೆಸ್ಟ್, ಔಷಧಿ: 1,450
- ಓಡಾಟ: 1,800
- ಮೊಟ್ಟೆ, ಹಾಲು, ಬೇಳೆ, ಹಣ್ಣು, ಆರು ತಿಂಗಳಿಗೆ ಹೆಚ್ಚುವರಿ: 15,000
- ಮೂರು ತಿಂಗಳು ಸಂಬಳ ಇಲ್ಲ: 51,000
- ಅಕ್ಕನ ಹೊಲಿಗೆ ಆದಾಯದಲ್ಲಿ ನಷ್ಟ, ನಾಲ್ಕು ತಿಂಗಳು: 14,000
- ಸರದ ಮೇಲಿನ ಬಡ್ಡಿ, ಎಂಟು ತಿಂಗಳು: 8,000

ಒಟ್ಟು 1,36,500 ರೂಪಾಯಿ. ಆ ಮನೆಯ ವರ್ಷದ ಆದಾಯ 2,76,000. ಅಂದರೆ ಹತ್ತಿರ ಹತ್ತಿರ ಅರ್ಧ.

ಟಿಬಿಗಾಗಿ ಒಂದು ಮನೆ ತನ್ನ ವರ್ಷದ ಆದಾಯದ ಶೇಕಡಾ 20ಕ್ಕಿಂತ ಹೆಚ್ಚು ಕಳೆದುಕೊಂಡರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮನೆ ಮುರಿಯೋ ಮಟ್ಟದ ಖರ್ಚು ಅಂತ ಪರಿಗಣಿಸುತ್ತೆ. ಆಸ್ಪತ್ರೆ ಬಿಲ್ಲು ಮಾತ್ರ ಅಲ್ಲ, ಓಡಾಟ, ಊಟ, ಕಳೆದುಕೊಂಡ ಕೂಲಿ ಎಲ್ಲಾ ಸೇರಿಸಿಯೇ ಈ ಲೆಕ್ಕ. 2020ರ ಹೊತ್ತಿಗೆ ಪ್ರಪಂಚದಲ್ಲಿ ಇಂಥ ಒಂದು ಮನೆಯೂ ಇರಬಾರದು ಅನ್ನೋದು ಗುರಿಯಾಗಿತ್ತು. ಬೇರೆ ಬೇರೆ ದೇಶಗಳಲ್ಲಿ ನಡೆದ ಸರ್ವೆಗಳ ಪ್ರಕಾರ ಈಗಲೂ ಟಿಬಿ ಬಂದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಈ ಗೆರೆ ದಾಟುತ್ತವೆ. ಔಷಧಿಗೆ ಬಗ್ಗದ ಟಿಬಿ ಆದರೆ ಹತ್ತರಲ್ಲಿ ಎಂಟು ಮನೆ.

ನಮ್ಮ ಶೀಟಿನಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಎರಡು ವಿಷಯ.

ಒಂದು, ಮೊದಲ ಮಾತ್ರೆ ನುಂಗೋ ಮುಂಚೆಯೇ 45,250 ಹೋಗಿತ್ತು. ವರ್ಷದ ಆದಾಯದಲ್ಲಿ ನೂರಕ್ಕೆ ಹದಿನಾರು. ಆಮೇಲೆ ಸಂಬಳ ಇಲ್ಲದ ಮೊದಲ ತಿಂಗಳಲ್ಲೇ ಆ ಇಪ್ಪತ್ತರ ಗೆರೆ ದಾಟಿ ಆಗಿತ್ತು. ನಿಜವಾದ ಕಾಯಿಲೆಗೆ ಆದ ಆಸ್ಪತ್ರೆ ಖರ್ಚು 1,450 ರೂಪಾಯಿ. ಕಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಮಾಡಿದ ಆಸ್ಪತ್ರೆ ಖರ್ಚು 36,850.

ಎರಡು, ಒಟ್ಟು ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು, 71,500 ರೂಪಾಯಿ, ಯಾರಿಗೂ ಕೊಟ್ಟಿದ್ದಲ್ಲ. ಬರಬೇಕಾಗಿದ್ದು ಬರಲಿಲ್ಲ. ಅದಕ್ಕೆ ಬಿಲ್ಲಿಲ್ಲ, ರಸೀದಿ ಇಲ್ಲ. ಆದ್ದರಿಂದ ಆಸ್ಪತ್ರೆ ಬಿಲ್ಲಿನ ಇನ್ಶೂರೆನ್ಸ್ ಕ್ಲೇಮ್ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ.

ಅಕ್ಕನ ಹದಿನಾಲ್ಕು ಸಾವಿರದ ಕಥೆ ಬೇರೆಯೇ. ಭಾವ ಮನೆಯಲ್ಲೇ ಮಾಸ್ಕ್ ಹಾಕಿಕೊಂಡು ಕೂತಿದ್ದು ಕಂಡು ಬೀದಿಯಲ್ಲಿ ಸುದ್ದಿ ಆಯ್ತು. ಬ್ಲೌಸ್ ಕೊಡೋಕೆ ಬರ್ತಿದ್ದವರು ನಿಂತರು. ಒಬ್ಬರು ಹೊಲಿಯೋಕೆ ಕೊಟ್ಟಿದ್ದ ಬಟ್ಟೆಯನ್ನು ಹೊಲಿಯದೇ ವಾಪಸ್ ಇಸ್ಕೊಂಡು ಹೋದರು. ಟಿಬಿ ಗಾಳಿಯಲ್ಲಿ ಹರಡೋದು, ಬಟ್ಟೆ ತಟ್ಟೆಯಿಂದ ಅಲ್ಲ. ಸರಿಯಾದ ಔಷಧಿ ಶುರುವಾಗಿ ಕೆಲವು ವಾರ ಆದರೆ ಹರಡೋ ಸಾಧ್ಯತೆಯೂ ತೀರಾ ಕಮ್ಮಿಯಾಗುತ್ತೆ. ಇದನ್ನ ಎಷ್ಟು ಮನೆ ಬಾಗಿಲಿಗೆ ಹೋಗಿ ಹೇಳೋದು? ಅಕ್ಕ ಹೇಳಲಿಲ್ಲ. ಮಗಳ ಟ್ಯೂಷನ್ ನಿಲ್ಲಿಸಿದಳು, ಚೀಟಿ ಅರ್ಧಕ್ಕೆ ಬಿಟ್ಟಳು.

ಅರವತ್ತು ವರ್ಷದ ಹಳೇ ಸಿರಪ್ಪು

ಭಾವನ ಊರು ತುಮಕೂರು ಜಿಲ್ಲೆ ಶಿರಾ ಕಡೆ. ಲೆಕ್ಕ ಹಾಕುತ್ತಾ ಹಾಕುತ್ತಾ ಓದಿಕೊಂಡಾಗ ಅದೇ ಜಿಲ್ಲೆಯ ಒಂದು ಹಳೇ ಅಧ್ಯಯನ ಸಿಕ್ಕಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ್ದು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ಡಾಕ್ಟರ ಹತ್ತಿರ ಬರೋದಿಲ್ಲ ಅಂತ ಆಗ ಎಲ್ಲರ ನಂಬಿಕೆ. ಇವರು ಕಂಡಿದ್ದು ಬೇರೆ. ಬಹುತೇಕ ರೋಗಿಗಳಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು, ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಮ್ಮ ಭಾವನೂ ಹೋಗದೇ ಇದ್ದವರಲ್ಲ. ನಾಲ್ಕು ಸಲ ಕ್ಲಿನಿಕ್ಕಿಗೆ ಹೋದರು, ಪ್ರತಿ ಸಲ ಬಾಟಲಿ ಹಿಡಿದುಕೊಂಡು ಬಂದರು.

ಅದಕ್ಕೂ ಹಿಂದೆ ಟಿಬಿ ಅಂದರೆ ಸ್ಯಾನಟೋರಿಯಂ. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಹೆಸರು ನೀವು ಕೇಳಿರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು, ಅವರ ನೆನಪಿನ ಆಸ್ಪತ್ರೆ ಅದು. ಅರಮನೆಗೂ ಬಂದ ಕಾಯಿಲೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಒಂದು ಪ್ರಯೋಗ, ಬಡ ರೋಗಿಗಳು ಮನೆಯಲ್ಲೇ ಇದ್ದು ಮಾತ್ರೆ ತಗೊಂಡರೂ ಸ್ಯಾನಟೋರಿಯಂನಷ್ಟೇ ಚೆನ್ನಾಗಿ ವಾಸಿಯಾಗುತ್ತಾರೆ ಅಂತ ತೋರಿಸಿಕೊಟ್ಟಿತು. ಪ್ರಪಂಚವೇ ಆ ದಾರಿಗೆ ಬಂತು. ದೊಡ್ಡ ಉಪಕಾರ, ಅನುಮಾನ ಇಲ್ಲ. ಆದರೆ ಸ್ಯಾನಟೋರಿಯಂ ಹಾಕುತ್ತಿದ್ದ ಊಟ, ಹಾಲು, ಆರೈಕೆ ಮನೆಯವರ ಪಾಲಿಗೆ ಬಂತು. ಮಾತ್ರೆ ಸರ್ಕಾರ ಕೊಟ್ಟಿತು, ಉಳಿದಿದ್ದನ್ನ ಅಕ್ಕನಂಥವರು ಹೊತ್ತರು.

128 ರೂಪಾಯಿ

ಜನವರಿ ಶುರುವಿನಲ್ಲಿ ಭಾವನಿಗೆ ಒಂದು ಸಣ್ಣ ಬ್ಯಾಂಕ್ ಸಾಲ ಸಿಗುತ್ತಾ ನೋಡೋಣ ಅಂತ ಅವರ ಹಳೇ ಸ್ಯಾಲರಿ ಸ್ಲಿಪ್ ತರಿಸಿಕೊಂಡೆ. ಕಡಿತದ ಸಾಲಿನಲ್ಲಿ ಇತ್ತು: ಇಎಸ್‌ಐ 128.

"ಭಾವ, ಇದು ಕಟ್ತಾ ಇದ್ದಾರಲ್ಲ, ಇದನ್ನ ಉಪಯೋಗಿಸಿದ್ದೀರಾ?"

"ಅದಾ? ಏನೋ ಗವರ್ನಮೆಂಟಿಗೆ ಹಿಡ್ಕೊಳ್ಳೋದು ಕಣಪ್ಪ. ಹನ್ನೊಂದು ವರ್ಷದಿಂದ ಹಿಡೀತಾನೇ ಇದಾರೆ."

ಸಂಬಳ 21,000 ಮೀರದ ಕೆಲಸಗಾರರ ಸಂಬಳದಲ್ಲಿ ಶೇಕಡಾ 0.75 ಹಿಡಿದು, ಕಂಪನಿ ತನ್ನ ಕಡೆಯಿಂದ ಶೇಕಡಾ 3.25 ಸೇರಿಸಿ ಇಎಸ್‌ಐಗೆ ಕಟ್ಟಬೇಕು. ಆಸ್ಪತ್ರೆ ಒಂದೇ ಅಲ್ಲ, ಕಾಯಿಲೆಯಿಂದ ಕೆಲಸಕ್ಕೆ ಹೋಗೋಕೆ ಆಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70ರಷ್ಟು ಹಣವೂ ಬರುತ್ತೆ. ಟಿಬಿಯಂಥ ದೀರ್ಘಕಾಲದ ಕಾಯಿಲೆಗಳ ಒಂದು ಪಟ್ಟಿ ಇದೆ, 34 ಕಾಯಿಲೆ. ಅವಕ್ಕೆ 91 ದಿನ ಮುಗಿದ ಮೇಲೂ, ಎರಡು ವರ್ಷದಿಂದ ವಿಮೆಯಲ್ಲಿದ್ದು ಬೇಕಾದಷ್ಟು ದಿನ ಕಟ್ಟಿದ್ದರೆ, ಶೇಕಡಾ 80ರ ಲೆಕ್ಕದಲ್ಲಿ ಎರಡು ವರ್ಷದವರೆಗೂ ಸಿಗಬಹುದು. ಆದರೆ ರಜೆಗೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು.

ಭಾವ ಕಾಯಿಲೆ ಹೇಳಿದಾಗ ಫ್ಯಾಕ್ಟರಿಯಲ್ಲಿ ಅಂದಿದ್ದು, "ಗುಣ ಮಾಡ್ಕೊಂಡು ಬನ್ನಿ, ಕೆಲಸ ಇರುತ್ತೆ." ಕೆಲಸ ಉಳಿಸಿದ್ದಕ್ಕೆ ಭಾವ ಕೃತಜ್ಞರಾಗಿದ್ದರು. ಇಎಸ್‌ಐ ಮಾತು ಅವರು ಎತ್ತಲಿಲ್ಲ, ಇವರು ಕೇಳಲಿಲ್ಲ. ನಾವು ಇಎಸ್‌ಐ ಡಿಸ್ಪೆನ್ಸರಿ ಬಾಗಿಲಿಗೆ ಹೋಗಿದ್ದು ಜನವರಿಯಲ್ಲಿ. ಹಿಂದಿನ ತಾರೀಖಿಗೆ ಸರ್ಟಿಫಿಕೇಟ್ ಆಗೋದಿಲ್ಲ ಅಂದರು. ಜನವರಿ ಒಂದು ತಿಂಗಳದ್ದು ಸಿಕ್ಕಿತು, 11,100 ರೂಪಾಯಿ. ನವೆಂಬರ್, ಡಿಸೆಂಬರ್‌ದು ಹೋಯ್ತು, ಸುಮಾರು ಇಪ್ಪತ್ಮೂರು ಸಾವಿರ. ಅಕ್ಕನ ಸರದ ಅರ್ಧ ಸಾಲ ಅದು.

ಆ ದಿನ ಡಿಸ್ಪೆನ್ಸರಿಯಿಂದ ಹೊರಗೆ ಬಂದು ಟೀ ಕುಡಿಯುವಾಗ ಭಾವ ಅಂದರು, "ಓದಿದೋರು ಮನೇಲಿದ್ರೂ ನಮಗೆ ತಡವಾಗೇ ಗೊತ್ತಾಗೋದು ನೋಡು." ಚುಚ್ಚಿ ಹೇಳಿದ್ದಲ್ಲ, ಹಾಗೇ ಹೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಊಟವೂ ಔಷಧಿ

ಸರ್ಕಾರದಿಂದ ನಿಕ್ಷಯ್ ಪೋಷಣ್ ಯೋಜನೆಯ ಹಣ ಬಂತು. 2018ರಲ್ಲಿ ತಿಂಗಳಿಗೆ 500 ಅಂತ ಶುರುವಾಗಿದ್ದು, 2024ರ ನವೆಂಬರ್‌ನಿಂದ 1,000 ಆಗಿದೆ. ಪೌಷ್ಟಿಕ ಊಟಕ್ಕೆ ಅಂತಲೇ ಕೊಡೋದು, ನೇರ ಬ್ಯಾಂಕ್ ಖಾತೆಗೆ. ಭಾವನ ಖಾತೆಗೆ ಆಧಾರ್ ಲಿಂಕ್ ಸರಿ ಇರಲಿಲ್ಲ, ಮೊದಲ ಕಂತು ಬರೋದು ಎರಡು ತಿಂಗಳು ತಡವಾಯ್ತು. ಕೊನೆಗೆ ಒಟ್ಟು 6,000 ಬಂತು. ಅದನ್ನೂ ಇಎಸ್‌ಐ ಹಣವನ್ನೂ ಕಳೆದರೆ ನಮ್ಮ ನಿವ್ವಳ ನಷ್ಟ 1,19,400, ಆದಾಯದ ಶೇಕಡಾ 43.

ತಿಂಗಳಿಗೆ ಸಾವಿರ ರೂಪಾಯಿಗೆ ಏನು ಬರುತ್ತೆ ಅಂತ ಅಕ್ಕನನ್ನ ಕೇಳಿದರೆ ಬೆರಳು ಮಡಚಿ ಹೇಳ್ತಾಳೆ. ದಿನಕ್ಕೆ ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು. ಅಷ್ಟಕ್ಕೇ ಮುಗಿದು ಮೇಲೂ ಆಗುತ್ತೆ. ಬೇಳೆ, ಹಣ್ಣು, ವಾರಕ್ಕೊಮ್ಮೆ ಕೋಳಿ ಅದರ ಹೊರಗೆ.

ಇದು ಸಣ್ಣ ವಿಷಯ ಅಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ಜೊತೆಗಾರರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದರು, ಹೆಸರು ರೇಷನ್ಸ್. 2,800 ಟಿಬಿ ರೋಗಿಗಳಿಗೆ ಪ್ರತಿ ತಿಂಗಳೂ ಆಹಾರದ ಬುಟ್ಟಿ ಕೊಟ್ಟರು. ಅವರಲ್ಲಿ ಅರ್ಧದಷ್ಟು ಮನೆಗಳಲ್ಲಿ ಉಳಿದ ಸದಸ್ಯರಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಮನೆ ಮಂದಿಗೆಲ್ಲ ಆಹಾರ ಸಿಕ್ಕ ಕಡೆ ಹೊಸದಾಗಿ ಟಿಬಿ ಬರೋದು ಶೇಕಡಾ 39ರಷ್ಟು ಕಮ್ಮಿ. ಇನ್ನೊಂದು ಮಾತು, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಹೆಚ್ಚಿದ ರೋಗಿಗಳಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಮ್ಮಿ ಇತ್ತು.

ಇದನ್ನ ಓದಿದ ಮೇಲೆ ನಮ್ಮ ಮನೆಯ ಇನ್ನೊಂದು ವಿಷಯ ಅರ್ಥವಾಯ್ತು. ಭಾವನ ತಟ್ಟೆಗೆ ಮೊಟ್ಟೆ ಬೀಳುವಾಗ ಅಕ್ಕ, ಮಗಳ ತಟ್ಟೆಯಲ್ಲಿ ಏನಿತ್ತು? ಅಕ್ಕನನ್ನು ಕೇಳಿದೆ. "ನಮಗೇನು ಬಿಡು, ಸಾರು ಅನ್ನ ಇರುತ್ತಲ್ಲ" ಅಂದಳು. ನನ್ನ ಶೀಟಿನಲ್ಲಿ ಅದಕ್ಕೂ ಒಂದು ಕಾಲಂ ಇರಲಿಲ್ಲ. ಜನವರಿಯಿಂದ ತಿಂಗಳ ದಿನಸಿ ನಾನೇ ತಂದು ಹಾಕಿದೆ. ಭಾವ ಬೇಡ ಅಂದರು. "ದುಡ್ಡಲ್ಲ ಭಾವ, ಔಷಧಿ ಇದು, ಮಂಗಳೂರಿನ ಡಾಕ್ಟ್ರು ಹೇಳಿರೋದು" ಅಂದೆ. ಒಪ್ಪಿಕೊಂಡರು.

ನಾವು ಮಾಡಿದ ತಪ್ಪು ನೀವು ಮಾಡಬೇಡಿ

ಇದನ್ನ ಫೋನಿನಲ್ಲಿ ಓದುತ್ತಿರೋ ನಿಮ್ಮಲ್ಲಿ ಹೆಚ್ಚಿನವರು ನನ್ನ ಹಾಗೇ ಇರ್ತೀರಿ. ನಿಮಗೆ ಇನ್ಶೂರೆನ್ಸ್ ಇದೆ, ಸಿಕ್ ಲೀವ್ ಇದೆ. ನಿಮ್ಮ ಅಕ್ಕನಿಗೆ, ಚಿಕ್ಕಪ್ಪನಿಗೆ, ಮನೆಗೆಲಸದವರಿಗೆ, ಆಫೀಸಿನ ಗೇಟಿನಲ್ಲಿ ನಿಲ್ಲೋ ಅಣ್ಣನಿಗೆ ಅದು ಇಲ್ಲ. ಅವರ ಪರವಾಗಿ ಇಷ್ಟು ನೆನಪಿಟ್ಟುಕೊಳ್ಳಿ.

ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಹಣ ಕೊಡಬೇಕಾಗಿಲ್ಲ. ಸಾಯಂಕಾಲದ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಇದ್ದರಂತೂ ಒಂದು ದಿನವೂ ತಡ ಮಾಡಬೇಡಿ.

ಖಾಸಗಿ ಡಾಕ್ಟರ ಹತ್ತಿರವೇ ಚಿಕಿತ್ಸೆ ಅಂದರೂ ನಿಕ್ಷಯ್‌ನಲ್ಲಿ ಹೆಸರು ನೋಂದಣಿ ಆಗಿದೆಯಾ ಕೇಳಿ. ಟಿಬಿ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸೋದು 2012ರಿಂದ ಕಡ್ಡಾಯ. ಹಾಗೆ ನೋಂದಾಯಿಸಿದ ಖಾಸಗಿ ರೋಗಿಗೂ ತಿಂಗಳ ಸಾವಿರ ಬರುತ್ತೆ.

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿ ಇದೆಯಾ ಅಂತ ಮೊದಲ ವಾರವೇ ನೋಡಿ.

ಸ್ಯಾಲರಿ ಸ್ಲಿಪ್‌ನಲ್ಲಿ ಇಎಸ್‌ಐ ಸಾಲು ಇದ್ದರೆ, ಕಾಯಿಲೆ ಗೊತ್ತಾದ ದಿನವೇ ಇಎಸ್‌ಐ ಡಾಕ್ಟರನ್ನ ಕಾಣಿ. ಸರ್ಟಿಫಿಕೇಟ್ ಇಲ್ಲದೆ ಕಳೆದ ಪ್ರತಿ ದಿನವೂ ನಷ್ಟ.

ಏನೇ ಅನುಮಾನ ಇದ್ದರೂ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ, ಕರೆ ಉಚಿತ.

ಕೈಲಾದರೆ ನಿಕ್ಷಯ್ ಮಿತ್ರ ಆಗಿ. 2022ರಿಂದ ಇರೋ ವ್ಯವಸ್ಥೆ ಇದು. ಒಬ್ಬ ವ್ಯಕ್ತಿ, ಗುಂಪು, ಕಂಪನಿ ಯಾರಾದರೂ ಒಪ್ಪಿಗೆ ಕೊಟ್ಟ ರೋಗಿಗೆ ತಿಂಗಳ ಆಹಾರದ ಕಿಟ್ ಕೊಡಬಹುದು. ನಮ್ಮ ಟೀಮಿನ ಆರು ಜನ ಸೇರಿದ್ದೀವಿ. ಶುಕ್ರವಾರದ ಒಂದು ಹೊರಗಿನ ಊಟದ ದುಡ್ಡು, ಅಷ್ಟೇ. "ಟಿಬಿಗೆ ಏನು ಖರ್ಚು" ಅಂದಿದ್ದ ಮೂವರೂ ಅದರಲ್ಲಿ ಇದ್ದಾರೆ. ಆ ಶೀಟ್ ತೋರಿಸಿದ್ದೆ.

ಮತ್ತೆ ಗೌರಿ ಹಬ್ಬ

ಭಾವ ಫೆಬ್ರವರಿಯಲ್ಲಿ ಕೆಲಸಕ್ಕೆ ವಾಪಸ್ ಹೋದರು. ಮೇ ತಿಂಗಳಲ್ಲಿ ಕೊನೆಯ ಕಫ ಪರೀಕ್ಷೆ ನೆಗೆಟಿವ್ ಬಂತು. ತೂಕ 56. ಬೆಲ್ಟು ಹಳೇ ತೂತಿಗೆ ಬಂದಿದೆ.

ಸರ ಬಿಡಿಸಿದ್ದು ಜುಲೈನಲ್ಲಿ. ಆ 24,400ನ್ನು ನಾನು ವಾಪಸ್ ಕೊಡ್ತೀನಿ ಅಂದಾಗ ಅಕ್ಕ ಒಪ್ಪಲಿಲ್ಲ. ಅಮ್ಮನ ಹತ್ತಿರ ಹೇಳಿಸಿದೆ, ಆಗಲಿಲ್ಲ. ಕೊನೆಗೆ ಭಾವನನ್ನೇ ಕೇಳಿದೆ. "ಆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನು ಭಾವ. ನನ್ನ ತಪ್ಪಿನ ದುಡ್ಡು ನೀವು ಯಾಕೆ ಕಟ್ಟಬೇಕು?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಧ ನಿಂದು, ಅರ್ಧ ನಂದು. ಬರ್ದೇ ಇದ್ದಿದ್ರೂ ಆಗ್ತಿತ್ತು, ಹೂಂ ಅಂತ ಬಂದೋನು ನಾನಲ್ವಾ" ಅಂದರು. 12,200 ಇಸ್ಕೊಂಡರು. ಉಳಿದಿದ್ದಕ್ಕೆ ಎರಡು ತಿಂಗಳು ಓವರ್‌ಟೈಮ್ ಮಾಡಿದರು. ಡಾಕ್ಟರು ಅಷ್ಟು ದುಡಿಬೇಡಿ ಅಂದಿದ್ದಾರೆ ಅಂದೆ, ಕೇಳಲಿಲ್ಲ.

ಈ ಸಲ ಬಾಗಿನ ಕೊಡೋಕೆ ಹೋದಾಗ ಅಕ್ಕನ ಕತ್ತಿನಲ್ಲಿ ಸರ ಇತ್ತು. ಒಳಗಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಪಕ್ಕ ಹಬ್ಬದ ಬ್ಲೌಸ್‌ಗಳ ರಾಶಿ. ಮುಂಚಿನಷ್ಟು ಇಲ್ಲ. ಬಟ್ಟೆ ವಾಪಸ್ ಇಸ್ಕೊಂಡು ಹೋಗಿದ್ದರಲ್ಲ, ಅವರು ಇನ್ನೂ ಬಂದಿಲ್ಲವಂತೆ. ಮಗಳು ಹತ್ತನೇ ಕ್ಲಾಸಿಗೆ ಬಂದಿದ್ದಾಳೆ, ಟ್ಯೂಷನ್ ಮತ್ತೆ ಶುರುವಾಗಿದೆ. ಬಿಟ್ಟುಹೋದ ಆರು ತಿಂಗಳ ಗಣಿತವನ್ನು ಭಾನುವಾರ ನಾನು ಹೇಳಿಕೊಡ್ತಿದ್ದೀನಿ.

ಹೊರಡುವಾಗ ಪಕ್ಕದ ಮನೆಯ ತಾತ ಜಗುಲಿ ಮೇಲೆ ಕೂತು ಕೆಮ್ಮುತ್ತಿದ್ದರು. ಚಪ್ಪಲಿ ಹಾಕಿಕೊಳ್ಳುತ್ತಿದ್ದ ನಾನು ತಿರುಗಿ ನೋಡೋಷ್ಟರಲ್ಲಿ ಭಾವನೇ ಕೇಳಿದರು, "ತಾತ, ಎಷ್ಟು ದಿನದಿಂದ ಇದೆ ಇದು?"